ಹೆಬ್ರೋನಿನ ಹೆಬ್ಬಾಗಿಲಲ್ಲಿ

ಸತ್ತ ಅರಸ ಸೌಲನ ಸೇನಾಪತಿ ಅಬ್ನೇರ ಆಗಲೇ ಊರು ಬಿಟ್ಟು ಸಿರಾ ಬಾವಿಯವರೆಗೆ ಹೋಗಿದ್ದ. ಹಿಂದಿನಿಂದ ಆಳುಗಳು ಬಂದು ಅವನನ್ನು ಹೆಬ್ರೋನಿಗೆ ವಾಪಸು ಕರೆತಂದರು. ಕರೆಸಿದ್ದು ಯಾರೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಕಥೆ ಹೇಳುವುದಿಲ್ಲ. ಅರಸ ದಾವೀದನಿಗೆ ಮಾತ್ರ ಗೊತ್ತಿರಲಿಲ್ಲ ಎಂದು ಒತ್ತಿ ಹೇಳುತ್ತದೆ. ಊರಬಾಗಿಲಲ್ಲಿ ದಾವೀದನ ಸೇನಾಪತಿ ಯೋವಾಬ ಎದುರಾದ. ಗುಟ್ಟಾಗಿ ಏನೋ ಮಾತಾಡುವುದಿದೆ ಎಂಬಂತೆ ಅವನನ್ನು ಬಾಗಿಲಿನ ನಡುವಿಗೆ ಸರಿಸಿಕೊಂಡು ಹೋಗಿ ಹೊಟ್ಟೆಗೆ ತಿವಿದ. ಬೈಬಲಿನ ಎರಡನೆಯ ಸಮುವೇಲನ ಮೂರನೆಯ ಅಧ್ಯಾಯ ಕಾರಣವನ್ನೂ ಅದೇ ಉಸಿರಿನಲ್ಲಿ ಹೇಳಿಬಿಡುತ್ತದೆ: ಯೋವಾಬನ ತಮ್ಮ, ಅಬ್ನೇರನ ಕೈಯಲ್ಲಿ ಸತ್ತ ಅಸಾಹೇಲನ ರಕ್ತಕ್ಕಾಗಿ.

ಆ ಕಾಲದ ಊರಬಾಗಿಲು ಎಂದರೆ ಕೋಟೆಗೋಡೆಗೆ ಹಾಕಿದ ಎರಡು ಕದವಷ್ಟೇ ಎಂದುಕೊಂಡರೆ ಈ ಕೊಲೆ ಅರ್ಥವಾಗುವುದಿಲ್ಲ. ಗೆಜೆರ್, ದಾನ್ ಮೊದಲಾದ ಕಡೆ ಅಗೆದು ತೆಗೆದ ಬಾಗಿಲುಗಳನ್ನು ನೋಡಿದರೆ ಅದೊಂದು ಕಟ್ಟಡವೇ. ನಡುವೆ ದಾರಿ, ಎರಡೂ ಬದಿಗೆ ಸಾಲಾಗಿ ಕೋಣೆಗಳು, ಕೆಲವು ಕಡೆ ಗೋಡೆಗುಂಟ ಕೂರಲು ಕಲ್ಲಿನ ಜಗಲಿ. ಊರ ಹಿರಿಯರು ಕೂತು ವ್ಯಾಜ್ಯ ಕೇಳುತ್ತಿದ್ದುದು ಅಲ್ಲೇ. ಹೊಲ ಕೊಳ್ಳುವುದು, ಸಾಕ್ಷಿ ಹೇಳುವುದು, ತೀರ್ಪು ಕೊಡುವುದು ಎಲ್ಲ ಬಾಗಿಲಲ್ಲಿ. ಯೋವಾಬ ಕೊಂದದ್ದು ಅಂದಿನ ಕೋರ್ಟು ಹಾಲಿನೊಳಗೆ.

ಹೋಗಲಿ, ಊರಾದರೂ ಯಾವುದು? ಯೆಹೋಶುವನ ಪುಸ್ತಕದ 20ನೆಯ ಅಧ್ಯಾಯದಲ್ಲಿ ಆರು ಊರುಗಳ ಪಟ್ಟಿ ಇದೆ. ಯೊರ್ದನ್ ಹೊಳೆಯ ಈಚೆ ಗಲಿಲಾಯದ ಕೆದೆಷ್, ಎಫ್ರಾಯೀಮ್ ಬೆಟ್ಟದ ಶೆಕೆಮ್, ಯೆಹೂದದ ಹೆಬ್ರೋನ್. ಆಚೆ ಬೆಚೆರ್, ರಾಮೋತ್, ಗೋಲಾನ್. ಕನ್ನಡ ಸತ್ಯವೇದ ಇವನ್ನು ಆಶ್ರಯನಗರಗಳು ಎನ್ನುತ್ತದೆ. ಕೈತಪ್ಪಿ ಒಬ್ಬನನ್ನು ಕೊಂದವನು, ಸತ್ತವನ ಬಂಧುಗಳ ಕೈಗೆ ಸಿಗುವ ಮೊದಲು ಓಡಿಬಂದು ಉಳಿದುಕೊಳ್ಳುವುದಕ್ಕೆಂದೇ ಗುರುತು ಮಾಡಿದ ಊರುಗಳು. ಮುಯ್ಯಿ ತೀರಿಸುವವನ ಕೈಯನ್ನು ತಡೆಯಬೇಕಾದ ಊರಿನ ಬಾಗಿಲಲ್ಲೇ ಯೋವಾಬ ಮುಯ್ಯಿ ತೀರಿಸಿದ.

ಸಮುವೇಲನ ಪುಸ್ತಕ ಆಶ್ರಯನಗರದ ಮಾತನ್ನೇ ಎತ್ತುವುದಿಲ್ಲ ಎಂಬುದನ್ನೂ ಹೇಳಬೇಕು. ಯೆಹೋಶುವನ ಆ ಪಟ್ಟಿ ಈಗಿರುವ ರೂಪಕ್ಕೆ ಬಂದದ್ದು ದಾವೀದನ ಕಾಲಕ್ಕಿಂತ ಬಹಳ ಈಚೆಗೆ ಎಂಬುದು ಅನೇಕ ವಿದ್ವಾಂಸರ ಎಣಿಕೆ. ಹಾಗಿದ್ದರೆ ಹೆಬ್ರೋನಿನ ಬಾಗಿಲು ಎಂಬ ಕುಟುಕು ಕಥೆಗಾರನದ್ದಲ್ಲ, ಎರಡು ಪುಸ್ತಕಗಳನ್ನು ಒಂದೇ ಸುರುಳಿಯ ಸಾಲಿನಲ್ಲಿ ಜೋಡಿಸಿ ಓದಿದವರದ್ದು. ಆದರೂ ಅದು ಓದಿಗೆ ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಯೋವಾಬನ ಬದುಕಿನ ಉದ್ದಕ್ಕೂ ಕಾನೂನು ಮತ್ತು ಕೊಲೆ ಹೀಗೆ ಭುಜಕ್ಕೆ ಭುಜ ತಾಗಿಸಿಕೊಂಡೇ ನಡೆಯುತ್ತವೆ. ಅವನ ಕಥೆಯನ್ನು ಕೊಲೆಯ ಕಾನೂನಿನ ಪಕ್ಕ ಇಟ್ಟು ಓದುವುದು ಈ ಬರಹದ ಕೆಲಸ.

ಮೊದಲು ಕಾನೂನು. ಹೀಬ್ರೂವಿನಲ್ಲಿ ರಕ್ತಕ್ಕೆ ಪ್ರತಿಯಾಗಿ ರಕ್ತ ತೆಗೆಯುವ ನೆಂಟನ ಹೆಸರು 'ಗೋಏಲ್ ಹದ್ದಾಮ್'. ದಾಮ್ ಎಂದರೆ ರಕ್ತ. ಗೋಏಲ್ ಎಂಬ ಪದಕ್ಕೆ ಮಾತ್ರ ಹಗೆಯ ವಾಸನೆ ಇಲ್ಲ. ಬಡತನಕ್ಕೆ ಸಿಕ್ಕಿ ಮಾರಿದ ಹೊಲವನ್ನು ದುಡ್ಡು ಕೊಟ್ಟು ಬಿಡಿಸುವ ಹತ್ತಿರದ ಬಂಧು ಗೋಏಲ್. ಸಾಲಕ್ಕೆ ಆಳಾಗಿ ಹೋದ ನೆಂಟನನ್ನು ಬಿಡಿಸಿ ತರುವವನೂ ಗೋಏಲ್. ರೂತಳ ಕಥೆಯ ಬೋವಜ ಗೋಏಲ್, ಯೆಶಾಯನ ಹಾಡುಗಳಲ್ಲಿ ದೇವರೇ ಗೋಏಲ್. ಮನೆತನದಿಂದ ಕೈಬಿಟ್ಟು ಹೋದದ್ದನ್ನು ಮರಳಿ ತರುವುದು ಅವನ ಹೊಣೆ. ಹೊಲವಾದರೆ ಹೊಲ, ಆಳಾದರೆ ಆಳು, ರಕ್ತವಾದರೆ ರಕ್ತ. ಕನ್ನಡ ಓದುಗರಿಗೆ ಇದನ್ನು ವಿವರಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ಮದುವೆಮನೆಯಲ್ಲಿ ಪುಸ್ತಕದಲ್ಲಿ ಬರೆಸುವುದೂ ಮುಯ್ಯಿ, ಹಗೆಯವನಿಗೆ ತೀರಿಸುವುದೂ ಮುಯ್ಯಿ. ನಮ್ಮ ಪದದಲ್ಲೂ ಇರುವುದು ಬಂದದ್ದನ್ನು ತಿರುಗಿಸಿ ಕೊಡುವ ಲೆಕ್ಕವೇ.

ಈ ನೆಂಟನನ್ನು ಕಾನೂನು ತೆಗೆದುಹಾಕುವುದಿಲ್ಲ. ಬೈಬಲಿನ ಅರಣ್ಯಕಾಂಡ 35 ಸ್ಪಷ್ಟವಾಗಿ ಹೇಳುತ್ತದೆ: ಬೇಕೆಂದೇ ಕೊಂದವನನ್ನು ಕೊಲ್ಲಬೇಕಾದವನು ಅವನೇ. ಸರಕಾರದ ನೇಣುಗಾರ ಎಂಬ ಹುದ್ದೆ ಅಲ್ಲಿಲ್ಲ. ಕಾನೂನು ಮಾಡುವುದು ಇಷ್ಟೇ, ಅವನ ಕೈಗೂ ಕೊಂದವನ ಕುತ್ತಿಗೆಗೂ ನಡುವೆ ಒಂದಷ್ಟು ದಾರಿ, ಒಂದು ಬಾಗಿಲು, ಒಂದಷ್ಟು ಜನ ಹಿರಿಯರನ್ನು ತಂದು ನಿಲ್ಲಿಸುತ್ತದೆ.

ಧರ್ಮೋಪದೇಶಕಾಂಡ 19 ಕೊಡುವ ಉದಾಹರಣೆ ತೀರ ಮನೆಮಾತಿನದು. ಇಬ್ಬರು ಸೌದೆಗೆಂದು ಕಾಡಿಗೆ ಹೋಗುತ್ತಾರೆ. ಒಬ್ಬ ಕೊಡಲಿ ಎತ್ತಿ ಬೀಸುವಾಗ ಕಬ್ಬಿಣ ಕಾವಿನಿಂದ ಕಳಚಿ ಹಾರಿ ಇನ್ನೊಬ್ಬನಿಗೆ ತಗುಲುತ್ತದೆ, ಅವನು ಸಾಯುತ್ತಾನೆ. ಮೊದಲಿನಿಂದ ಅವರಲ್ಲಿ ದ್ವೇಷವಿರಲಿಲ್ಲ. ಆದರೆ ಸತ್ತವನ ನೆಂಟನಿಗೆ ಆ ಹೊತ್ತಿನಲ್ಲಿ ಕಾವು ಸಡಿಲವಾಗಿತ್ತೋ ಇಲ್ಲವೋ ಬೇಕಿಲ್ಲ. ಅವನ ಎದೆ ಕಾದಿದೆ, ಅಟ್ಟಿಸಿಕೊಂಡು ಬರುತ್ತಾನೆ, ದಾರಿ ದೂರವಾದರೆ ಹಿಡಿದೇಬಿಡುತ್ತಾನೆ. ಆದ್ದರಿಂದ ದೇಶವನ್ನು ಮೂರು ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ಊರಿಡು, ದಾರಿ ಸಿದ್ಧಮಾಡು ಎಂಬ ಅಪ್ಪಣೆ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಹೆಬ್ರೋನಿನಿಂದ ಶೆಕೆಮಿಗೆ ಸುಮಾರು 75 ಕಿಲೋಮೀಟರ್, ಶೆಕೆಮಿನಿಂದ ಕೆದೆಷಿಗೆ ಸುಮಾರು 100. ಬೆಟ್ಟದ ದಾರಿಯಲ್ಲಿ ಅದು ಇನ್ನೂ ಉದ್ದ. ನಟ್ಟನಡುವೆ ಕೈತಪ್ಪಿದವನು ಪ್ರಾಣ ಉಳಿಸಿಕೊಳ್ಳಲು 40-50 ಕಿಲೋಮೀಟರ್ ಓಡಬೇಕು, ಹಿಂದೆ ಕೊಡಲಿ ಹಿಡಿದ ನೆಂಟ.

ಊರು ಮುಟ್ಟಿದವನು ನೇರ ಒಳಗೆ ನುಗ್ಗುವಂತಿಲ್ಲ. ಬಾಗಿಲಲ್ಲಿ ನಿಂತು ಹಿರಿಯರಿಗೆ ಕೇಳಿಸುವಂತೆ ನಡೆದದ್ದನ್ನು ಹೇಳಬೇಕು. ಅವರು ಒಳಗೆ ಕರೆದುಕೊಂಡು ಇರಲು ಜಾಗ ಕೊಡುತ್ತಾರೆ. ಇದು ತಾತ್ಕಾಲಿಕ. ಆಮೇಲೆ ಸಭೆಯ ಮುಂದೆ ವಿಚಾರಣೆ. ವಿಚಾರಣೆಯಲ್ಲಿ ನೋಡುವುದು ಎರಡನ್ನು. ಕೈಯಲ್ಲಿ ಏನಿತ್ತು: ಕಬ್ಬಿಣವೋ, ಸಾಯಿಸುವಷ್ಟು ದೊಡ್ಡ ಕಲ್ಲೋ, ಮರದ ಆಯುಧವೋ. ಮನಸ್ಸಿನಲ್ಲಿ ಏನಿತ್ತು: ಹಗೆ ಇತ್ತೋ, ಹೊಂಚಿ ಕೂತಿದ್ದನೋ. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರನ್ನೂ ಕೊಲ್ಲುವಂತಿಲ್ಲ. ಬೇಕೆಂದೇ ಕೊಂದದ್ದೆಂದು ಗೊತ್ತಾದರೆ ಆಶ್ರಯವಿಲ್ಲ. ಸ್ವಂತ ಊರಿನ ಹಿರಿಯರೇ ಆಳು ಕಳಿಸಿ ಹಿಡಿದು ತಂದು ನೆಂಟನ ಕೈಗೆ ಒಪ್ಪಿಸುತ್ತಾರೆ. ಕೈತಪ್ಪಿದ್ದೆಂದು ತೀರ್ಮಾನವಾದರೆ ಅವನನ್ನು ಮತ್ತೆ ಆಶ್ರಯನಗರಕ್ಕೆ ಕಳಿಸುತ್ತಾರೆ. ಅಲ್ಲಿ ಎಷ್ಟು ದಿನ? ಆಗಿರುವ ಮಹಾಯಾಜಕ ಸಾಯುವವರೆಗೆ. ಹತ್ತು ದಿನವಾಗಬಹುದು, ನಲವತ್ತು ವರ್ಷವಾಗಬಹುದು. ನಡುವೆ ಊರ ಗಡಿ ದಾಟಿದರೆ, ನೆಂಟನಿಗೆ ಸಿಕ್ಕಿದರೆ, ಅವನನ್ನು ಕೊಂದ ನೆಂಟನ ಮೇಲೆ ದೋಷವಿಲ್ಲ.

ಇಲ್ಲೊಂದು ವಿಷಯವನ್ನು ಸಾಮಾನ್ಯವಾಗಿ ಓದುಗರು ದಾಟಿಕೊಂಡು ಹೋಗುತ್ತಾರೆ. ದುಡ್ಡು ನಡೆಯುವುದಿಲ್ಲ. ಕ್ರಿ.ಪೂ. 1750ರ ಆಸುಪಾಸಿನ ಬಾಬಿಲೋನಿನ ಹಮ್ಮುರಾಬಿಯ ಶಾಸನದಲ್ಲಿ ಜಗಳದಲ್ಲಿ ಹೊಡೆದ ಏಟಿಗೆ ಒಬ್ಬ ಸತ್ತರೆ, ಬೇಕೆಂದು ಹೊಡೆಯಲಿಲ್ಲ ಎಂದು ಆಣೆಯಿಟ್ಟು ಅರ್ಧ ಮೀನಾ ಬೆಳ್ಳಿ ಕೊಟ್ಟರೆ ಮುಗಿಯಿತು. ಸತ್ತವನು ಕೆಳದರ್ಜೆಯವನಾದರೆ ಮೂರನೇ ಒಂದು ಮೀನಾ. ಅರಣ್ಯಕಾಂಡ ಈ ಬಾಗಿಲನ್ನು ಎರಡೂ ಕಡೆಯಿಂದ ಮುಚ್ಚುತ್ತದೆ. ಕೊಲೆಗಾರನ ಪ್ರಾಣಕ್ಕೆ ಬೆಲೆ ಕಟ್ಟಬಾರದು, ಆಶ್ರಯನಗರದಲ್ಲಿರುವವನು ದುಡ್ಡು ಕೊಟ್ಟು ಬೇಗ ಮನೆಗೆ ಹೋಗುವಂತೆಯೂ ಇಲ್ಲ. ಕಾರಣ, ಚೆಲ್ಲಿದ ರಕ್ತ ನೆಲವನ್ನು ಹೊಲಸು ಮಾಡುತ್ತದೆ, ಆ ಹೊಲಸು ಬೆಳ್ಳಿಯಿಂದ ತೊಳೆದುಹೋಗುವುದಿಲ್ಲ. ಬಡವನ ಪ್ರಾಣವೂ ಸಾಹುಕಾರನ ಪ್ರಾಣವೂ ಇಲ್ಲಿ ಒಂದೇ ತೂಕಕ್ಕೆ ಬರುತ್ತವೆ, ನಿಜ. ಆದರೆ ರಾಜಿಯ ದಾರಿಯೂ ಅದರ ಜೊತೆಗೇ ಮುಚ್ಚಿಹೋಗುತ್ತದೆ. ನನ್ನ ಮಟ್ಟಿಗೆ ಈ ಕಾನೂನಿನ ಹಿರಿಮೆಯೂ ಅದರ ಕ್ರೌರ್ಯವೂ ಒಂದೇ ಗಂಟಿನಲ್ಲಿರುವುದು ಇಲ್ಲಿ.

ಕ್ರಿ.ಶ. 200ರ ಸುಮಾರಿಗೆ ಯೆಹೂದಿ ಪಂಡಿತರು ಮಿಷ್ನಾ ಎಂಬ ಕಾನೂನು ಸಂಗ್ರಹ ಸಿದ್ಧಪಡಿಸಿದಾಗ ದೇವಾಲಯ ಸುಟ್ಟುಹೋಗಿ 130 ವರ್ಷವಾಗಿತ್ತು. ಮಹಾಯಾಜಕನೂ ಇಲ್ಲ, ಆಶ್ರಯನಗರವೂ ಇಲ್ಲ. ಆದರೂ ಅದರ ಮಕ್ಕೋತ್ ಎಂಬ ಭಾಗದಲ್ಲಿ ಅವರು ಈ ಊರುಗಳ ಬಗ್ಗೆ ನಾಳೆಯೇ ಯಾರೋ ಓಡಿಬರುತ್ತಾರೆ ಎನ್ನುವ ಹಾಗೆ ಚರ್ಚಿಸುತ್ತಾರೆ. ಮಾಳಿಗೆಯ ಮಣ್ಣು ಗಟ್ಟಿಮಾಡಲು ಉರುಳುಗಲ್ಲು ಎಳೆಯುವಾಗ, ಪೀಪಾಯಿಯನ್ನು ಹಗ್ಗ ಕಟ್ಟಿ ಇಳಿಸುವಾಗ, ಏಣಿಯಿಂದ ಇಳಿಯುವಾಗ ಕೆಳಗಿದ್ದವನ ಮೇಲೆ ಬಿದ್ದು ಅವನು ಸತ್ತರೆ ಆಶ್ರಯನಗರಕ್ಕೆ ಹೋಗಬೇಕು. ಅದೇ ಪೀಪಾಯಿಯನ್ನು ಮೇಲಕ್ಕೆ ಎಳೆಯುವಾಗ ಹಗ್ಗ ಕಡಿದರೆ, ಏಣಿ ಹತ್ತುವಾಗ ಬಿದ್ದರೆ ಹೋಗಬೇಕಿಲ್ಲ. ಇಳಿಯುವ ಚಲನೆಯಲ್ಲಿ ಆದದ್ದು ಒಂದು ಲೆಕ್ಕ, ಏರುವ ಚಲನೆಯಲ್ಲಿ ಆದದ್ದು ಇನ್ನೊಂದು. ಊರ ಗಡಿಯಲ್ಲಿ ಮರವಿದ್ದು ಕೊಂಬೆ ಗಡಿಯಾಚೆ ಚಾಚಿದ್ದರೆ? ಲೆಕ್ಕಕ್ಕೆ ಬರುವುದು ಕೊಂಬೆ. ವಿಚಾರಣೆಯಾಗಿ ವಾಪಸು ಹೋಗುವವನ ಜೊತೆ ಇಬ್ಬರು ಪಂಡಿತರನ್ನು ಕಳಿಸಬೇಕು, ದಾರಿಯಲ್ಲಿ ನೆಂಟ ಎದುರಾದರೆ ಅವನಿಗೆ ಸಮಾಧಾನದ ಮಾತು ಹೇಳುವುದಕ್ಕೆ. ಮಿಷ್ನಾದ ಮೇಲೆ ಮುಂದಿನ ಪಂಡಿತರು ನಡೆಸಿದ ಚರ್ಚೆಗಳ ಸಂಗ್ರಹವಾದ ತಾಲ್ಮೂದ್ ಇನ್ನೂ ಸೇರಿಸುತ್ತದೆ. ಈ ಊರುಗಳ ದಾರಿ 32 ಮೊಳ, ಅಂದರೆ ಸುಮಾರು 15 ಮೀಟರ್ ಅಗಲ ಇರಬೇಕು, ಸಾಮಾನ್ಯ ಹೆದ್ದಾರಿಯ ಎರಡು ಪಟ್ಟು. ಕವಲುದಾರಿಗಳಲ್ಲಿ 'ಆಶ್ರಯ, ಆಶ್ರಯ' ಎಂದು ಬರೆದಿಡಬೇಕು. ಓಡುವವನಿಗೆ ನಿಂತು ದಾರಿ ಕೇಳುವಷ್ಟು ಹೊತ್ತಿಲ್ಲ.

ಮಹಾಯಾಜಕರ ತಾಯಂದಿರ ಮಾತೂ ಅಲ್ಲಿದೆ. ಮಗ ಸತ್ತರೆ ತಾನೇ ಆಶ್ರಯನಗರದವರಿಗೆ ಬಿಡುಗಡೆ? ತನ್ನ ಮಗ ಬೇಗ ಸಾಯಲಿ ಎಂದು ಅವರು ಬೇಡಿಕೊಳ್ಳದಿರಲೆಂದು ಆ ತಾಯಂದಿರು ಅವರಿಗೆ ಊಟ, ಬಟ್ಟೆ ಒದಗಿಸುತ್ತಿದ್ದರಂತೆ. ಇದನ್ನು ಬರೆದಿಟ್ಟವರಿಗೆ ಮನುಷ್ಯರ ಬಗ್ಗೆ ಭ್ರಮೆಗಳಿರಲಿಲ್ಲ.

ಅದೇ ಅಧ್ಯಾಯ ಹೇಳುವ ಇನ್ನೊಂದು ನಿಯಮ: ಆಶ್ರಯನಗರ ಸೇರಿದವನು ಸಾಕ್ಷಿ ಹೇಳುವುದಕ್ಕೂ ಹೊರಗೆ ಬರುವಂತಿಲ್ಲ. ಇಡೀ ಇಸ್ರಾಯೇಲಿಗೆ ಅವನ ಅಗತ್ಯ ಬಿದ್ದರೂ ಬರುವಂತಿಲ್ಲ. ಚೆರೂಯಳ ಮಗ ಯೋವಾಬನಂಥ ಸೇನಾಪತಿಯೇ ಆದರೂ ಬರುವಂತಿಲ್ಲ.

ಸೇನಾಪತಿಗಳು ಬೇಕಾದಷ್ಟು ಮಂದಿ ಇದ್ದರು. ಪಂಡಿತರು ಹೆಸರಿಸಿದ್ದು ಯೋವಾಬನನ್ನು.

ಈಗ ಹಿಂದಕ್ಕೆ, ಗಿಬ್ಯೋನಿನ ಕೊಳಕ್ಕೆ. ಯೆರೂಸಲೇಮಿನ ವಾಯವ್ಯಕ್ಕಿರುವ ಎಲ್ ಜಿಬ್ ಹಳ್ಳಿಯಲ್ಲಿ 1950ರ ದಶಕದಲ್ಲಿ ಜೇಮ್ಸ್ ಪ್ರಿಚರ್ಡ್ ಎಂಬ ಪುರಾತತ್ತ್ವಜ್ಞ ಅಗೆದಾಗ ಬಂಡೆಯಲ್ಲಿ ಕೊರೆದ ಒಂದು ದೊಡ್ಡ ಗುಂಡನೆಯ ಬಾವಿ ಸಿಕ್ಕಿತು. 11.8 ಮೀಟರ್ ಅಡ್ಡಳತೆ, 10.8 ಮೀಟರ್ ಆಳ, ಗೋಡೆಗುಂಟ ಸುತ್ತಿಕೊಂಡು ಇಳಿದು ಇನ್ನೂ ಕೆಳಗೆ ನೀರಿಗೆ ಹೋಗುವ 79 ಮೆಟ್ಟಿಲು. ಗಿಬ್ಯೋನ್ ಎಂದು ಕೊರೆದ ಜಾಡಿಯ ಹಿಡಿಕೆಗಳೂ ಸಿಕ್ಕಿದವು. ಕಥೆಯ ಕೊಳ ಇದೇ ಎಂದು ಹಲವರು ನಂಬುತ್ತಾರೆ.

ಸೌಲ ಸತ್ತಮೇಲೆ ಅವನ ಮಗನ ಕಡೆಯ ಪಡೆ ಅಬ್ನೇರನ ಕೆಳಗೆ, ದಾವೀದನ ಪಡೆ ಯೋವಾಬನ ಕೆಳಗೆ, ಕೊಳದ ಆಚೆ ಈಚೆ ಕೂತರು. ಹುಡುಗರು ಎದ್ದು ನಮ್ಮ ಮುಂದೆ ಆಡಲಿ ಎಂದ ಅಬ್ನೇರ. ಆಡಲಿ ಎಂದ ಯೋವಾಬ. ಹನ್ನೆರಡು, ಹನ್ನೆರಡು ಮಂದಿ ಎದ್ದು ಒಬ್ಬರ ತಲೆ ಒಬ್ಬರು ಹಿಡಿದು ಪಕ್ಕೆಗೆ ಕತ್ತಿ ಇಳಿಸಿ ಇಪ್ಪತ್ತನಾಲ್ಕೂ ಜನ ಒಟ್ಟಿಗೆ ಬಿದ್ದರು. ಆಮೇಲೆ ಯುದ್ಧ. ಜಿಂಕೆಯಂತೆ ಓಡುತ್ತಿದ್ದ ಅಸಾಹೇಲ ಸೋತು ಓಡುವ ಅಬ್ನೇರನ ಬೆನ್ನು ಹತ್ತಿದ. ಅಬ್ನೇರ ಎರಡು ಸಲ ಹೇಳಿದ: ಬೇರೆ ಯಾರನ್ನಾದರೂ ಹಿಡಿ, ನನ್ನ ಬೆನ್ನು ಬಿಡು, ನಿನ್ನನ್ನು ಕೊಂದರೆ ನಿನ್ನ ಅಣ್ಣ ಯೋವಾಬನಿಗೆ ನಾನು ಹೇಗೆ ಮುಖ ತೋರಿಸಲಿ? ಅವನು ಬಿಡಲಿಲ್ಲ. ಅಬ್ನೇರ ಈಟಿಯ ಹಿಂತುದಿಯಿಂದ ಹಿಂದಕ್ಕೆ ತಿವಿದ. ನೆಲಕ್ಕೆ ಚುಚ್ಚಿ ನಿಲ್ಲಿಸಲು ಆ ತುದಿಯೂ ಚೂಪಾಗಿರುತ್ತಿತ್ತು. ಅದು ಹೊಟ್ಟೆಯಲ್ಲಿ ಹೊಕ್ಕು ಬೆನ್ನಲ್ಲಿ ಬಂತು.

ಕೈಯಲ್ಲಿ ಏನಿತ್ತು, ಮನಸ್ಸಿನಲ್ಲಿ ಏನಿತ್ತು ಎಂಬ ಎರಡು ಪ್ರಶ್ನೆ ಇಲ್ಲಿಗೆ ಹಾಕಿ ನೋಡಿ. ಆಯುಧವಿತ್ತು, ಆದರೆ ಅದರ ಮೊನೆಯನ್ನು ಅವನು ಬಳಸಲಿಲ್ಲ. ಹಗೆ ಇರಲಿಲ್ಲ, ಎರಡು ಸಲ ಎಚ್ಚರಿಸಿದ. ಮೇಲಾಗಿ ಇದು ಯುದ್ಧ. ಯುದ್ಧದ ಸಾವಿಗೆ ನೆಂಟನ ಮುಯ್ಯಿ ಸಲ್ಲುತ್ತದೆಯೋ ಇಲ್ಲವೋ ಎಂದು ಕಾನೂನಿನ ಅಧ್ಯಾಯಗಳು ಬಾಯಿ ಬಿಡುವುದಿಲ್ಲ. ಕಥೆಗೆ ಮಾತ್ರ ಅನುಮಾನವಿದೆ. ಅಬ್ನೇರನ ಕೊಲೆಯನ್ನು ಎರಡನೆಯ ಬಾರಿ ಹೇಳುವಾಗ, ಅಸಾಹೇಲ ಸತ್ತದ್ದು 'ಯುದ್ಧದಲ್ಲಿ' ಎಂದು ಒಂದು ಪದ ಸೇರಿಸಿಯೇ ಮುಂದೆ ಹೋಗುತ್ತದೆ.

ಯೋವಾಬನ ಮನಸ್ಸಿನಲ್ಲಿ ತಮ್ಮನ ರಕ್ತ ಒಂದೇ ಇತ್ತೆಂದು ನಂಬುವುದೂ ಕಷ್ಟ. ಅಬ್ನೇರ ಹೆಬ್ರೋನಿಗೆ ಬಂದದ್ದು ಉತ್ತರದ ಕುಲಗಳನ್ನೆಲ್ಲ ದಾವೀದನ ಕೈಗೆ ತಂದುಕೊಡುವ ಒಪ್ಪಂದಕ್ಕೆ. ಅದು ನಡೆದರೆ ಸೇನಾಪತಿಯ ಜಾಗ ಯಾರಿಗೆ? ದಾವೀದ ಅಬ್ನೇರನನ್ನು 'ಶಾಲೋಮ್'ನಲ್ಲಿ, ಸಮಾಧಾನದಿಂದ ಕಳಿಸಿಕೊಟ್ಟ ಎಂದು ಕಥೆ ಸಾಲಾಗಿ ಮೂರು ವಾಕ್ಯಗಳಲ್ಲಿ ಮೂರು ಸಲ ಹೇಳುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ಅಬ್ನೇರ ಇಲ್ಲ.

ಶವದ ಹಿಂದೆ ಅರಸ ನಡೆದ. ಅತ್ತ. ಸಂಜೆಯವರೆಗೆ ಊಟ ಮಾಡಲಿಲ್ಲ. ಯೋವಾಬನ ಮನೆಯಲ್ಲಿ ಸ್ರಾವರೋಗಿ, ಕುಷ್ಠರೋಗಿ, ಕದಿರು ಹಿಡಿದು ಕೂರುವವನು, ಕತ್ತಿಗೆ ಬೀಳುವವನು, ಅನ್ನವಿಲ್ಲದವನು ತಪ್ಪದಿರಲಿ ಎಂದು ಶಪಿಸಿದ. ಆಮೇಲೆ ತನ್ನವರಿಗೆ ಹೇಳಿದ: ಅಭಿಷೇಕವಾದ ಅರಸನಾದರೂ ನಾನು ಇಂದು ಬಲಹೀನ, ಚೆರೂಯಳ ಈ ಮಕ್ಕಳು ನನಗೆ ಮೀರಿದವರು. ಚೆರೂಯ ದಾವೀದನ ಸ್ವಂತ ಅಕ್ಕತಂಗಿಯರಲ್ಲಿ ಒಬ್ಬಳು. ಯೋವಾಬ ಸೋದರಳಿಯ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ, ಶಿಕ್ಷೆ ಇಲ್ಲ, ಸೇನಾಪತಿಯ ಹುದ್ದೆಯೂ ಹೋಗಲಿಲ್ಲ.

ಪುಟ ತಿರುಗಿಸಿದರೆ ಅದೇ ಹೆಬ್ರೋನ್. ಪಡೆಯ ಇಬ್ಬರು ಸಣ್ಣ ನಾಯಕರು, ಅಣ್ಣತಮ್ಮಂದಿರು, ಮಧ್ಯಾಹ್ನ ಮಲಗಿದ್ದ ಸೌಲನ ಮಗ ಈಷ್ಬೋಶೆತನನ್ನು ಹೊಟ್ಟೆಗೆ ತಿವಿದು ಕೊಂದು ತಲೆ ಕತ್ತರಿಸಿ, ಬಹುಮಾನದ ಆಸೆಯಿಂದ ರಾತ್ರಿಯೆಲ್ಲ ನಡೆದು ದಾವೀದನ ಬಳಿ ತರುತ್ತಾರೆ. ದಾವೀದ ನಿಂತ ನಿಲುವಿನಲ್ಲಿ ಅವರನ್ನು ಕೊಲ್ಲಿಸಿ ಕೈಕಾಲು ಕಡಿಸಿ ಹೆಬ್ರೋನಿನ ಕೊಳದ ಹತ್ತಿರ ತೂಗುಹಾಕಿಸುತ್ತಾನೆ. ಆ ತಲೆಯನ್ನು ಅಬ್ನೇರನ ಗೋರಿಯಲ್ಲಿಯೇ ಹೂಳುತ್ತಾರೆ. ಎರಡು ಕೊಲೆ, ಒಬ್ಬನೇ ಅರಸ. ಕಥೆಗಾರ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಸುಮ್ಮನಾಗುತ್ತಾನೆ. ಹೀಬ್ರೂ ಕಥೆಗಾರರ ಈ ಸುಮ್ಮನಿರುವಿಕೆಯನ್ನು ಒಪ್ಪಿಗೆ ಎಂದು ಓದುವವರು ಇಂದಿಗೂ ಇದ್ದಾರೆ.

ಮುಂದೆ ಯೋವಾಬನನ್ನು ಮುಟ್ಟುವುದು ಇನ್ನೂ ಕಷ್ಟವಾಯಿತು. ದಾವೀದ ತನ್ನ ಪಡೆಯ ಸಿಪಾಯಿ ಊರೀಯನ ಹೆಂಡತಿಯನ್ನು ಕೂಡಿ, ಊರೀಯನನ್ನು ಯುದ್ಧದ ಬಿಸಿ ಹೆಚ್ಚಿರುವಲ್ಲಿ ನಿಲ್ಲಿಸಿ ಹಿಂದೆ ಸರಿಯಿರಿ ಎಂದು ಪತ್ರ ಬರೆದು, ಆ ಪತ್ರವನ್ನು ಊರೀಯನ ಕೈಯಲ್ಲೇ ಕಳಿಸಿದ. ಪತ್ರ ಓದಿದವನು ಯೋವಾಬ. ಅರಸನ ಕೊಲೆಯ ಕಾಗದ ಯಾರ ಕೈಯಲ್ಲಿದೆಯೋ ಅವನನ್ನು ಅರಸ ಯಾವ ಬಾಯಿಂದ ವಿಚಾರಿಸಿಯಾನು?

ರಕ್ತದ ಕಾನೂನು ಎಲ್ಲಿ ಸಡಿಲವಾಗಬೇಕೆಂದು ಇಡೀ ಪುಸ್ತಕದಲ್ಲಿ ಅತ್ಯಂತ ಚೆನ್ನಾಗಿ ವಾದಿಸಿದ್ದೂ ಯೋವಾಬನೇ, ಒಬ್ಬ ಹೆಂಗಸಿನ ಬಾಯಿಂದ. ದಾವೀದನ ಮಗ ಅಬ್ಷಾಲೋಮ ತನ್ನ ತಂಗಿ ತಾಮಾರಳನ್ನು ಕೆಡಿಸಿದ ಮಲಅಣ್ಣ ಅಮ್ನೋನನನ್ನು ಕೊಲ್ಲಿಸಿ ಓಡಿಹೋಗಿ ಮೂರು ವರ್ಷವಾಗಿತ್ತು. ಯೋವಾಬ ತೆಕೋವ ಊರಿನ ಜಾಣೆಯೊಬ್ಬಳಿಗೆ ಸೂತಕದ ಬಟ್ಟೆ ಉಡಿಸಿ, ಹೇಳಬೇಕಾದ್ದನ್ನು ಕಲಿಸಿ ಅರಸನ ಮುಂದೆ ಕಳಿಸಿದ. ಅವಳು ಹೇಳುತ್ತಾಳೆ: ನಾನು ವಿಧವೆ, ನನಗಿದ್ದವರು ಇಬ್ಬರು ಮಕ್ಕಳು. ಹೊಲದಲ್ಲಿ ಹೊಡೆದಾಡಿದರು, ಬಿಡಿಸುವವರಿಲ್ಲದೆ ಒಬ್ಬ ಇನ್ನೊಬ್ಬನನ್ನು ಕೊಂದ. ಈಗ ಕುಲದವರೆಲ್ಲ ಎದ್ದು, ಉಳಿದವನನ್ನು ಕೊಡು, ಅಣ್ಣತಮ್ಮನ ಪ್ರಾಣಕ್ಕಾಗಿ ಕೊಲ್ಲುತ್ತೇವೆ ಎನ್ನುತ್ತಿದ್ದಾರೆ. ವಾರಸುದಾರನನ್ನೂ ತೆಗೆದು ನನ್ನ ಒಲೆಯಲ್ಲಿ ಉಳಿದ ಒಂದೇ ಕೆಂಡವನ್ನೂ ಆರಿಸುತ್ತಾರೆ.

ಕೆಂಡ ಎಂಬ ಮಾತು ನನ್ನದಲ್ಲ, ಮೂಲದ್ದೇ. ಅವಳ ಮೊಕದ್ದಮೆ ಎಷ್ಟು ಜಾಣ್ಮೆಯದೆಂದರೆ, ಕೊಂದವನೂ ಸತ್ತವನೂ ಮುಯ್ಯಿ ತೀರಿಸಬೇಕಾದವನೂ ಒಂದೇ ಮನೆಯವರಾದಾಗ ಗೋಏಲ್ ಎಂಬ ಲೆಕ್ಕವೇ ತಲೆಕೆಳಗಾಗುತ್ತದೆ. ಮನೆತನಕ್ಕೆ ಹೋದದ್ದನ್ನು ತರಲು ಇರುವವನು ಮನೆತನವನ್ನೇ ಮುಗಿಸಬೇಕಾಗುತ್ತದೆ. ಕುಲದವರ ಕಣ್ಣು ಹೊಲದ ಮೇಲೂ ಇದೆ ಎಂಬ ಸೂಚನೆಯನ್ನು ಅವಳು ವಾರಸುದಾರ ಎಂಬ ಒಂದೇ ಪದದಲ್ಲಿ ಮುಗಿಸುತ್ತಾಳೆ. ಅರಸ ಮೊದಲು, ಮನೆಗೆ ಹೋಗು, ನೋಡುತ್ತೇನೆ ಎಂದ. ಅವಳು ಬಿಡಲಿಲ್ಲ. ಯಾರಾದರೂ ಮಾತಾಡಿದರೆ ನನ್ನ ಹತ್ತಿರ ಕರೆತಾ ಎಂದ. ಅವಳು ಆಗಲೂ ಬಿಡಲಿಲ್ಲ. ಕೊನೆಗೆ ಆಣೆಯಿಟ್ಟ: ನಿನ್ನ ಮಗನ ಒಂದು ಕೂದಲೂ ನೆಲಕ್ಕೆ ಬೀಳುವುದಿಲ್ಲ. ಆಗ ಅವಳು ಮಾತನ್ನು ಅಬ್ಷಾಲೋಮನ ಕಡೆ ತಿರುಗಿಸಿದಳು. ಇದರಲ್ಲೆಲ್ಲ ಯೋವಾಬನ ಕೈ ಇದೆಯೇ ಎಂದು ಕೇಳಿದ ದಾವೀದ.

ಅಬ್ಷಾಲೋಮ ಮರಳಿ ಬಂದ, ದಂಗೆಯೆದ್ದ, ಸೋತು ಓಡುವಾಗ ತಲೆ ಮರದ ಕೊಂಬೆಗಳಲ್ಲಿ ಸಿಕ್ಕಿಕೊಂಡು ನೇತಾಡಿದ. ವರ್ಷಕ್ಕೊಮ್ಮೆ ಕತ್ತರಿಸಿದಾಗ 200 ಶೆಕೆಲ್ ತೂಗುತ್ತಿದ್ದ ಕೂದಲಿನವನು. ಹುಡುಗನಿಗೆ ಏನೂ ಮಾಡಬೇಡಿ ಎಂದು ಅರಸ ಎಲ್ಲರಿಗೂ ಕೇಳುವಂತೆ ಹೇಳಿದ್ದ. ಕಂಡ ಸಿಪಾಯಿ ಕೊಲ್ಲಲಿಲ್ಲ. ಕೊಂದಿದ್ದರೆ ಹತ್ತು ಬೆಳ್ಳಿಯೂ ನಡುಪಟ್ಟಿಯೂ ಕೊಡುತ್ತಿದ್ದೆ ಎಂದ ಯೋವಾಬ. ಸಾವಿರ ಕೊಟ್ಟರೂ ಕೈ ಎತ್ತುವುದಿಲ್ಲ, ಆಮೇಲೆ ನೀನೇ ದೂರ ನಿಲ್ಲುತ್ತಿದ್ದೆ ಎಂದ ಸಿಪಾಯಿ. ಇಡೀ ಕಥೆಯಲ್ಲಿ ಯೋವಾಬನ ಮುಖಕ್ಕೆ ಸತ್ಯ ಹೇಳಿದವನು ಈ ಹೆಸರಿಲ್ಲದ ಆಳು. ಯೋವಾಬ ಮೂರು ಈಟಿಗಳನ್ನು ತೆಗೆದುಕೊಂಡು ತಾನೇ ಹೋದ.

ದಾವೀದ ಅವನನ್ನು ತೆಗೆದು ಅಮಾಸನನ್ನು ಸೇನಾಪತಿ ಮಾಡಿದ. ಅಮಾಸನ ತಾಯಿ ಚೆರೂಯಳ ಒಡಹುಟ್ಟಿದವಳು. ಅಕ್ಕತಂಗಿಯರ ಮಕ್ಕಳು ನಮ್ಮಲ್ಲೂ ಅಣ್ಣತಮ್ಮಂದಿರೇ, ಆದ್ದರಿಂದ ಗಿಬ್ಯೋನಿನ ದೊಡ್ಡ ಬಂಡೆಯ ಹತ್ತಿರ ಯೋವಾಬ ಅವನನ್ನು "ತಮ್ಮಾ, ಕ್ಷೇಮವೇ?" ಎಂದು ಕೇಳಿದ್ದು ಕನ್ನಡಕ್ಕೆ ಅಡಿಟಿಪ್ಪಣಿ ಇಲ್ಲದೆ ಇಳಿಯುತ್ತದೆ. ಮೂಲದಲ್ಲಿ ಕ್ಷೇಮಕ್ಕೂ ಅದೇ ಶಾಲೋಮ್. ಬಲಗೈಯಲ್ಲಿ ಗಡ್ಡ ಹಿಡಿದ, ಮುದ್ದಿಡುವವನಂತೆ. ಒರೆಯಿಂದ ಬಿದ್ದಿದ್ದ ಕತ್ತಿ ಇನ್ನೊಂದು ಕೈಯಲ್ಲಿತ್ತು. ಎರಡನೆಯ ಏಟು ಬೇಕಾಗಲಿಲ್ಲ. ದಾರಿಯ ನಡುವೆ ಹೊರಳುತ್ತಿದ್ದ ಅಮಾಸನನ್ನು ನೋಡಿ ಸಿಪಾಯಿಗಳು ನಿಲ್ಲತೊಡಗಿದಾಗ ಒಬ್ಬ ಅವನನ್ನು ಹೊಲಕ್ಕೆ ಎಳೆದುಹಾಕಿ ಮೇಲೊಂದು ಬಟ್ಟೆ ಮುಚ್ಚಿದ. ಸೈನ್ಯ ಮುಂದೆ ಹೋಯಿತು. ಆ ಅಧ್ಯಾಯದ ಕೊನೆಯಲ್ಲಿ ಅಧಿಕಾರಿಗಳ ಪಟ್ಟಿ ಇದೆ. ಮೊದಲ ಹೆಸರು: ಸೇನಾಪತಿ ಯೋವಾಬ.

ಈ ಪುಸ್ತಕದಲ್ಲಿ ಹೊಟ್ಟೆಗೆ ತಿವಿಯುವಾಗಲೆಲ್ಲ 'ಹೋಮೆಷ್' ಎಂಬ ಅಪರೂಪದ ಪದವೊಂದು ಬರುತ್ತದೆ. ಅಸಾಹೇಲ, ಅಬ್ನೇರ, ಈಷ್ಬೋಶೆತ, ಅಮಾಸ; ನಾಲ್ಕೇ ಸಲ, ನಾಲ್ಕೂ ಕೊಲೆಗಳಲ್ಲಿ. ನೆನಪಿಡಿ, ತಾಲ್ಮೂದಿನ ಪಂಡಿತರು ಅದನ್ನು ಹಿಡಿದುಕೊಳ್ಳುತ್ತಾರೆ.

ಮರುಪುಟದಲ್ಲೇ ಗಿಬ್ಯೋನಿನ ಇನ್ನೊಂದು ಲೆಕ್ಕ. ಮೂರು ವರ್ಷ ಬರ. ಸೌಲ ಗಿಬ್ಯೋನ್ಯರನ್ನು ಕೊಂದ ರಕ್ತದ ದೋಷ ಎಂಬ ದೇವವಾಣಿ. ಗಿಬ್ಯೋನ್ಯರು ಬೆಳ್ಳಿ ಬಂಗಾರ ಬೇಡ ಎಂದರು, ಅರಣ್ಯಕಾಂಡದ ಮಾತಿನಂತೆಯೇ. ಆದರೆ ಕೊಂದವನು ಸತ್ತುಹೋಗಿದ್ದ. ಸೌಲನ ಮಕ್ಕಳು ಮೊಮ್ಮಕ್ಕಳಲ್ಲಿ ಏಳು ಜನರನ್ನು ಬೆಟ್ಟದ ಮೇಲೆ ತೂಗುಹಾಕಿದರು. ತಂದೆಯ ತಪ್ಪಿಗೆ ಮಕ್ಕಳನ್ನು ಕೊಲ್ಲಬಾರದೆಂದು ಧರ್ಮೋಪದೇಶಕಾಂಡ 24 ಹೇಳುತ್ತದೆ, ತೂಗುಹಾಕಿದ ಹೆಣವನ್ನು ಅದೇ ದಿನ ಹೂಳಬೇಕೆಂದು 21 ಹೇಳುತ್ತದೆ. ಎರಡೂ ಮುರಿದವು. ಏಳರಲ್ಲಿ ಇಬ್ಬರ ತಾಯಿ ರಿಚ್ಪ, ಜವೆಗೋದಿಯ ಕೊಯ್ಲಿನ ಆರಂಭದಿಂದ ಮಳೆ ಬೀಳುವವರೆಗೆ ಬಂಡೆಯ ಮೇಲೆ ಗೋಣಿ ಹಾಸಿಕೊಂಡು, ಹಗಲು ಹಕ್ಕಿಗಳನ್ನೂ ರಾತ್ರಿ ಕಾಡುಮೃಗಗಳನ್ನೂ ಅಟ್ಟುತ್ತ ಕೂತಳು. ಅಬ್ನೇರ ಈಷ್ಬೋಶೆತನೊಡನೆ ಕಿತ್ತಾಡಿಕೊಂಡು ದಾವೀದನ ಕಡೆ ಬಂದದ್ದು ಇದೇ ರಿಚ್ಪಳ ವಿಷಯಕ್ಕೆ. ಅವಳು ಬಾಯಿ ತೆರೆದು ಒಂದು ಮಾತನ್ನೂ ಆಡುವುದಿಲ್ಲ. ಅರಸನಿಗೆ ಸುದ್ದಿ ಹೋಯಿತು, ಎಲುಬುಗಳನ್ನು ಒಟ್ಟುಮಾಡಿ ಹೂಳಿಸಿದ, ದೇವರು ದೇಶದ ಮೊರೆ ಕೇಳಿದ್ದು ಅದಾದ ಮೇಲೆ ಎನ್ನುತ್ತದೆ ಮೂಲ. ತೂಗುಹಾಕಿದ ಮೇಲೆ ಎನ್ನುವುದಿಲ್ಲ.

ಕೊನೆಗೆ ಯೋವಾಬನ ತಲೆಗೂದಲು ನರೆಯಿತು. ಹಾಸಿಗೆ ಹಿಡಿದ ದಾವೀದ ಮಗ ಸೊಲೊಮೋನನಿಗೆ ಹೇಳಿದ: ಅಬ್ನೇರನನ್ನೂ ಅಮಾಸನನ್ನೂ ಕೊಂದು ಅವನು ಯುದ್ಧದ ರಕ್ತವನ್ನು ಸಮಾಧಾನದ ಕಾಲದಲ್ಲಿ ಚೆಲ್ಲಿದ, ಅವನ ನರೆತಲೆ ಸಮಾಧಾನದಿಂದ ಪಾತಾಳಕ್ಕೆ ಇಳಿಯಬಾರದು. ಅಬ್ಷಾಲೋಮನ ಹೆಸರು ಎತ್ತಲಿಲ್ಲ. ಊರೀಯನ ಹೆಸರು ಎತ್ತುವ ಪ್ರಶ್ನೆಯೇ ಇಲ್ಲ. ಯೋವಾಬ ಸಿಂಹಾಸನದ ಜಗಳದಲ್ಲಿ ಸೊಲೊಮೋನನ ಅಣ್ಣ ಅದೋನೀಯನ ಕಡೆ ನಿಂತಿದ್ದ. ಅದೋನೀಯ ಸತ್ತ ಸುದ್ದಿ ಮುಟ್ಟಿದ ಕೂಡಲೇ ಯೆಹೋವನ ಗುಡಾರಕ್ಕೆ ಓಡಿ ಯಜ್ಞವೇದಿಯ ಕೊಂಬು ಹಿಡಿದ. ಬೇರ್ಷೆಬಾದಲ್ಲಿ 1973ರಲ್ಲಿ ಇಂಥದೊಂದು ವೇದಿಯ ಕಲ್ಲುಗಳು ಉಗ್ರಾಣದ ಗೋಡೆಗೆ ಸೇರಿಕೊಂಡಿದ್ದವು ಸಿಕ್ಕಿವೆ. ಜೋಡಿಸಿದರೆ ಸುಮಾರು 1.6 ಮೀಟರ್ ಎತ್ತರ, ನಾಲ್ಕು ಮೂಲೆಗೂ ಮೇಲೆದ್ದ ಕಲ್ಲಿನ ಕೊಂಬು. ನಿಂತವನ ಕೈಗೆ ಸಿಗುವಂಥದು.

ವಿಮೋಚನಕಾಂಡ 21ರ ಹಳೆಯ ನಿಯಮ ಯೋವಾಬನಿಗಾಗಿಯೇ ಬರೆದಂತಿದೆ: ಹೊಂಚು ಹಾಕಿ ಮೋಸದಿಂದ ಕೊಂದವನನ್ನು ನನ್ನ ಯಜ್ಞವೇದಿಯಿಂದಲೂ ಎಳೆದೊಯ್ದು ಕೊಲ್ಲಬೇಕು. ಸೊಲೊಮೋನ ಕಳಿಸಿದ ಬೆನಾಯ ಬಂದು ಹೊರಗೆ ಬಾ ಎಂದ. ಇಲ್ಲ, ಇಲ್ಲೇ ಸಾಯುತ್ತೇನೆ ಎಂದ ಯೋವಾಬ. ನಿಯಮ ಎಳೆದೊಯ್ಯಿರಿ ಎನ್ನುತ್ತದೆ. ಸೊಲೊಮೋನ, ಅವನು ಹೇಳಿದಂತೆಯೇ ಮಾಡು ಎಂದ.

ತಾಲ್ಮೂದಿನ ಪಂಡಿತರಿಗೆ ಇದು ಸಾಲಲಿಲ್ಲ. ವಿಚಾರಣೆ ಇಲ್ಲದೆ ಒಬ್ಬನನ್ನು ಕೊಂದರೆ ಹೇಗೆ? ಅವರು ಒಂದು ವಿಚಾರಣೆಯನ್ನು ಕಟ್ಟಿಕೊಟ್ಟರು. ಅಬ್ನೇರನನ್ನು ಯಾಕೆ ಕೊಂದೆ ಎಂದು ಸೊಲೊಮೋನ ಕೇಳುತ್ತಾನೆ. ನಾನು ಅಸಾಹೇಲನ ಗೋಏಲ್ ಎನ್ನುತ್ತಾನೆ ಯೋವಾಬ. ಅಸಾಹೇಲ ಅಟ್ಟಿಸಿಕೊಂಡು ಹೋದವನಲ್ಲವೇ, ಪ್ರಾಣ ಉಳಿಸಿಕೊಳ್ಳಲು ಹೊಡೆದದ್ದು ತಪ್ಪೇ? ಕೈಗೋ ಕಾಲಿಗೋ ಹೊಡೆದು ಉಳಿಸಿಕೊಳ್ಳಬಹುದಿತ್ತು. ಅಷ್ಟು ಗುರಿ ಸಿಗಲಿಲ್ಲವೇನೋ. ಐದನೆಯ ಪಕ್ಕೆಲುಬಿಗೆ ಸರಿಯಾಗಿ ಹೊಡೆಯಲು ಬಂದವನಿಗೆ ಕಾಲಿಗೆ ಹೊಡೆಯಲು ಬರಲಿಲ್ಲವೇ? ಹೋಮೆಷ್ ಪದದಲ್ಲಿ ಅವರು ಐದು ಎಂಬ ಸಂಖ್ಯೆಯನ್ನು ಕೇಳಿಸಿಕೊಂಡಿದ್ದರು. ಈ ವಾದದಲ್ಲಿ ಗೆದ್ದದ್ದು ಯೋವಾಬ. ಸರಿ, ಅಬ್ನೇರನ ಮಾತು ಬಿಡು, ಅಮಾಸನನ್ನು ಯಾಕೆ ಕೊಂದೆ ಎಂದು ಸೊಲೊಮೋನ ಮುಂದಿನ ಆರೋಪಕ್ಕೆ ಹೋಗುತ್ತಾನೆ. ಅಬ್ನೇರನ ಮೊಕದ್ದಮೆಯಲ್ಲಿ ಅವನನ್ನು ಬಿಟ್ಟರು ಎಂಬುದು ಅಚ್ಚರಿ. ಹೆಬ್ರೋನಿನ ಬಾಗಿಲಲ್ಲಿ ನಡೆಯದೇ ಹೋದ ವಿಚಾರಣೆ ನಡೆದಿದ್ದರೆ ಅವನಿಗೂ ಹೇಳಿಕೊಳ್ಳಲು ಮಾತಿತ್ತು.

ಮಕ್ಕೋತಿನ ಪಂಡಿತರು ಇನ್ನೊಂದನ್ನು ಬರೆದಿಟ್ಟಿದ್ದಾರೆ. ಕೊಂಬು ಹಿಡಿದಾಗ ಯೋವಾಬ ಕಾನೂನಿನಲ್ಲಿ ತಪ್ಪು ಮಾಡಿದನಂತೆ. ಆಶ್ರಯ ಕೊಡುವುದು ವೇದಿಯ ಮೇಲ್ಭಾಗ, ಕೊಂಬಲ್ಲ. ಆಶ್ರಯ ಕೊಡುವುದು ಯೆರೂಸಲೇಮಿನ ದೇವಾಲಯದ ವೇದಿ, ಅದನ್ನಿನ್ನೂ ಕಟ್ಟಿರಲಿಲ್ಲ. ಆಶ್ರಯ ಸಿಗುವುದು ಸೇವೆಯಲ್ಲಿ ನಿಂತ ಯಾಜಕನಿಗೆ, ಇವನು ಯಾಜಕನಲ್ಲ.

ಬೆನಾಯ ಒಳಗೆ ಹೋಗಿ ಅವನ ಮೇಲೆ ಬಿದ್ದು ಕೊಂದ. ಅರಣ್ಯದಲ್ಲಿದ್ದ ಅವನ ಸ್ವಂತ ಮನೆಯಲ್ಲಿ ಹೂಳಿದರು. ಅರಸ ಬೆನಾಯನನ್ನು ಅವನ ಜಾಗದಲ್ಲಿ ಸೇನಾಪತಿ ಮಾಡಿದ.